ಕೈಗುಣ

ಆ ವಾಕ್ಯ ನೂರಾ ಹನ್ನೆರಡನೆಯ ಪುಟದಲ್ಲಿತ್ತು. ‘ಒಂಬತ್ತು ಪ್ರಯತ್ನಗಳಲ್ಲಿಯೂ ಮೂರನೆಯ ಜೀವಿ ಉಳಿಯದೆ ಹೋದದ್ದಕ್ಕೆ ಪ್ರಯೋಗ ನಡೆಸಿದವಳ ಕೈಯ ದೋಷವೇ ಕಾರಣವೆಂದು ಭಾವಿಸಬೇಕಾಗುತ್ತದೆ.’ ತಿಂಡಿಯ ತಟ್ಟೆಯನ್ನು ಅತ್ತ ಸರಿಸಿ ಅವನು ಆ ಪುಟದ ಮೇಲೆ ಅಂಗೈ ಊರಿ ಕೂತಿದ್ದ, ಗಾಳಿಗೆ ಹಾರಿಹೋದೀತೆಂದು ಅದುಮಿ ಹಿಡಿದವನ ಹಾಗೆ. ಕಿಟಕಿ ಮುಚ್ಚಿತ್ತು. ಫ್ಯಾನೂ ತಿರುಗುತ್ತಿರಲಿಲ್ಲ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಪಿಎಚ್.ಡಿ. ಪ್ರಬಂಧ ಅದು. ಮೊದಲ ಹಾಳೆಯಲ್ಲಿ ಮಾರ್ಗದರ್ಶಕರ ಸಹಿಗೆಂದು ಎರಡು ಗೆರೆಗಳಿದ್ದವು. ಒಂದರ ಮೇಲೆ ಜೀವಶಾಸ್ತ್ರ ವಿಭಾಗದ ಮುಖ್ಯಸ್ಥನ ಸಹಿ ಆಗಲೇ ಬಿದ್ದಿತ್ತು. ಇನ್ನೊಂದು ಅವನಿಗಾಗಿ ಖಾಲಿ ಇತ್ತು. ಹನ್ನೊಂದು ಗಂಟೆಯೊಳಗೆ ಸಹಿ ಹಾಕಿ ತನ್ನಿ, ಪರೀಕ್ಷಕರು ಬಂದುಬಿಡುತ್ತಾರೆ ಎಂದು ಮುಖ್ಯಸ್ಥ ನಿನ್ನೆ ಹೇಳಿದ್ದ. ಪೆನ್ನು ಅಂಗಿಯ ಜೇಬಿನಲ್ಲೇ ಇತ್ತು. ಹೆಂಡತಿ ಕೆಲಸಕ್ಕೆ ಹೊರಡುವ ಅವಸರದಲ್ಲಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಆಸ್ಪತ್ರೆಯಲ್ಲಿ ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಕೆಲಸ ಅವಳದು, ಮನೆಯಲ್ಲೂ ಯಾರಾದರೂ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ಅವಳ ಕಣ್ಣಿಗೆ ಬೀಳುತ್ತಿತ್ತು.

“ಇವತ್ತಲ್ವಾ ಆ ಹುಡುಗೀದು?” ಎಂದಳು.

“ಹೂಂ.”

“ನೀವೂ ಒಂದೆರಡು ಒಳ್ಳೇ ಮಾತು ಹೇಳಿ. ಪಾಪ, ಮನೆಗೆ ಊಟಕ್ಕೆ ಬಂದಾಗ್ಲೂ ಗಡಿಯಾರ ನೋಡ್ತಾ ಕೂತಿದ್ಳು. ಒಲೆ ಮೇಲೆ ಹಾಲಿಟ್ಟು ಬಂದವರ ಥರ.”

ಹೇಳೋಣ ಎಂದ. ಹೇಳೋಣ ಎಂದದ್ದರಲ್ಲಿ ಹೇಳುವವರು ಎಷ್ಟು ಜನ ಎಂದು ಅವನಿಗೇ ತಿಳಿಯಲಿಲ್ಲ. ಹೆಂಡತಿ ಬಾಗಿಲು ಎಳೆದುಕೊಂಡು ಹೋದ ಮೇಲೆ ಮನೆ ನಿಶ್ಶಬ್ದವಾಯಿತು, ಅವನು ಪ್ರಬಂಧವನ್ನು ಚೀಲದೊಳಗೆ ತೂರಿಸಿ ಬಸ್ಸಿಗೆ ನಡೆದ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು, ನಿಂತುಕೊಂಡು ತೂಗಾಡುವಾಗ ಮನಸ್ಸಿಗೂ ಒಂದು ಕೆಲಸ ಇರುತ್ತದೆ. ಚೀಲ ತೊಡೆಯ ಮೇಲೆ ಭಾರವಾಗಿ ಕೂತಿತು. ಹೇಳಲು ಹೋದರೆ ವಿಷಯ ಬಹಳ ಸರಳ. ಒಂದು ಚೊಂಬು ನೀರು ಹಿಡಿಯುವ ಗಾಜಿನ ಪಾತ್ರೆ. ಅದಕ್ಕೆ ಒಂದು ನಳಿಕೆಯಿಂದ ಸಕ್ಕರೆ ನೀರು ಹನಿಹನಿಯಾಗಿ ಬೀಳುತ್ತದೆ, ಇನ್ನೊಂದು ನಳಿಕೆಯಿಂದ ಅಷ್ಟೇ ನೀರು ಹೊರಕ್ಕೆ ಹೋಗುತ್ತದೆ. ಒಳಗೆ ಸಕ್ಕರೆ ತಿನ್ನುವ ಒಂದು ಬ್ಯಾಕ್ಟೀರಿಯಾ, ಅದನ್ನು ತಿನ್ನುವ ಒಂದು ಏಕಕೋಶಿ, ಆ ಏಕಕೋಶಿಯನ್ನು ತಿನ್ನುವ ಇನ್ನೂ ಸ್ವಲ್ಪ ದೊಡ್ಡ ಜೀವಿ. ಮೂವರೂ ಒಂದೇ ಪಾತ್ರೆಯಲ್ಲಿ ಬಾಳಬಲ್ಲರೇ, ಇಲ್ಲ ಒಬ್ಬರು ಇನ್ನೊಬ್ಬರನ್ನು ಮುಗಿಸಿಬಿಡುತ್ತಾರೆಯೇ? ಎಂಟು ವರ್ಷದ ಹಿಂದೆ ಅವನು ನಾಲ್ಕು ಸಮೀಕರಣ ಬರೆದು, ಬಾಳಬಲ್ಲರು ಎಂದು ತೋರಿಸಿದ್ದ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಮೂರನೆಯದು ತಳದ ತನಕ ಹೋಗಿ ಮತ್ತೆ ಮೇಲೇಳುತ್ತದೆ, ಯಾವುದೂ ಅಳಿಯುವುದಿಲ್ಲ. ಆ ಲೇಖನದಿಂದ ಅವನಿಗೆ ಹೆಸರು ಬಂತು. ಜೀವಶಾಸ್ತ್ರದವರು ಅವನನ್ನು ಲೆಕ್ಕದ ಮೇಷ್ಟ್ರು ಎಂದು ಕರೆಯತೊಡಗಿದರು, ಅರ್ಧ ಗೌರವದಿಂದ, ಅರ್ಧ ತಮಾಷೆಯಿಂದ. ಆಮೇಲೆ ಮುಖ್ಯಸ್ಥ ಈ ಹುಡುಗಿಯನ್ನು ಸಂಶೋಧನೆಗೆ ಸೇರಿಸಿಕೊಂಡ. ಹಾಳೆಯ ಮೇಲೆ ಬದುಕಿದ್ದನ್ನು ಪಾತ್ರೆಯಲ್ಲಿ ಬದುಕಿಸಿ ತೋರಿಸುವುದು, ಅಷ್ಟೇ ಅವಳ ಕೆಲಸ.

ಪಾತ್ರೆಯಲ್ಲಿ ಅದು ಬದುಕಲಿಲ್ಲ. ಮೊದಲ ಸಲ ಇಪ್ಪತ್ತೊಂದನೆಯ ದಿನ ಮೂರನೆಯ ಜೀವಿ ಕಾಣದಾಯಿತು, ಎರಡನೆಯ ಸಲ ಹತ್ತೊಂಬತ್ತನೆಯ ದಿನ. ಪ್ರತಿ ಸಲವೂ ಅವಳು ಎಲ್ಲವನ್ನೂ ಚೆಲ್ಲಿ, ನಳಿಕೆಗಳನ್ನು ಕುದಿಸಿ, ಮೊದಲಿನಿಂದ ಶುರುಮಾಡಿದಳು. ಮೊದಲು ನೀರಿನ ಮೇಲೆ ಅನುಮಾನಪಟ್ಟಳು, ಆಮೇಲೆ ಸಕ್ಕರೆಯ ಮೇಲೆ, ಆಮೇಲೆ ಕೋಣೆಯ ಸೆಕೆಯ ಮೇಲೆ. ಅನುಮಾನಿಸಲು ಇನ್ನೇನೂ ಉಳಿಯದಿದ್ದಾಗ ತನ್ನ ಮೇಲೆ. ಎರಡು ವರ್ಷದ ಹಿಂದೆ ನಡೆದ ಒಂದು ಸಭೆಯಲ್ಲಿ ಅವಳು ಮೂರನೆಯ ಜೀವಿಯ ಇಳಿದುಹೋದ ಗೆರೆಯ ನಕ್ಷೆ ತೋರಿಸುತ್ತ ನಿಂತಿದ್ದಳು. ಎಲ್ಲರೂ ಅವನತ್ತ ನೋಡಿದ್ದರು. “ಸಮೀಕರಣ ಸರಿಯಾಗೇ ಇದೆ,” ಎಂದಿದ್ದ ಅವನು. “ಕೆಲವರ ಕೈಗುಣ ಹಾಗೆ. ಏನು ನೆಟ್ಟರೂ ಹತ್ತಲ್ಲ.” ಇಡೀ ಕೋಣೆ ನಕ್ಕಿತು. ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕೂಡ ನಕ್ಕ. ಅವಳೂ ನಕ್ಕಳು, ನಗುತ್ತ ನಗುತ್ತಲೇ ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡಳು. ಅದನ್ನು ನೋಡಿದವನು ಬಹುಶಃ ತಾನೊಬ್ಬನೇ. ಆಮೇಲೆ ಆ ಪ್ರಯೋಗಾಲಯದಲ್ಲಿ ಗಾಜು ಒಡೆದರೂ ಕೈಗುಣ, ಯಂತ್ರ ಕೆಟ್ಟರೂ ಕೈಗುಣ ಎನ್ನುವುದು ರೂಢಿಯಾಯಿತು. ಈಗ ಅದೇ ಮಾತು ಸ್ನಾನ ಮಾಡಿ ಮಡಿಯುಟ್ಟು ಗ್ರಂಥದ ಭಾಷೆಯಲ್ಲಿ ನೂರಾ ಹನ್ನೆರಡನೆಯ ಪುಟಕ್ಕೆ ಬಂದು ಕೂತಿತ್ತು.

ಅವನು ಅದನ್ನು ಹೇಳಿದಾಗ ಸಮೀಕರಣ ಸರಿ ಇದೆಯೆಂದೇ ನಂಬಿದ್ದ. ಅಷ್ಟು ಮಟ್ಟಿಗೆ ಅವನು ನಿರಪರಾಧಿ. ಈ ಒಂದು ಸಮಾಧಾನವನ್ನು ಅವನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದ. ಗೊತ್ತಾದದ್ದು ಆಮೇಲೆ, ಈಗ ಒಂದು ವರ್ಷ ನಾಲ್ಕು ತಿಂಗಳಿನ ಹಿಂದೆ, ಒಂದು ಸಾಧಾರಣ ಮಧ್ಯಾಹ್ನ. ಪಾಠಕ್ಕೆ ಬೇಕೆಂದು ತನ್ನ ಹಳೆಯ ಲೇಖನದ ನಕ್ಷೆಯಲ್ಲಿನ ಗೆರೆಯ ತಳಭಾಗವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ. ಮೂರನೆಯ ಜೀವಿ ತೀರ ಕೆಳಗೆ ಹೋದಾಗ ಅದರ ಸಂಖ್ಯೆ ಎಷ್ಟಿರುತ್ತದೆ ಎಂದು ಅವನು ಅಲ್ಲಿಯವರೆಗೂ ಕೇಳಿಕೊಂಡಿರಲೇ ಇಲ್ಲ. ಪೆನ್ಸಿಲಿನ ತುದಿಯಿಂದ ಒಂದೊಂದೇ ಸೊನ್ನೆ ಎಣಿಸಿದ. ಇಡೀ ಪಾತ್ರೆಯಲ್ಲಿ ಆ ಹೊತ್ತಿಗೆ ಉಳಿದಿದ್ದದ್ದು ಒಂದು ಜೀವಿಯ ನೂರು ಕೋಟಿಯಲ್ಲಿ ಒಂದು ಪಾಲು. ಆ ಚೂರಿನಿಂದಲೇ ಅದು ಮತ್ತೆ ಬೆಳೆದು ನಲವತ್ತನೆಯ ದಿನಕ್ಕೆ ಹಿಂಡಾಗುತ್ತಿತ್ತು. ಸಮೀಕರಣದಲ್ಲಿ ಯಾವುದಕ್ಕೂ ಸಾವಿಲ್ಲ, ಅರ್ಧವಾಗಿ ಅರ್ಧದ ಅರ್ಧವಾಗಿ ಉಳಿದುಕೊಂಡೇ ಇರುತ್ತದೆ; ಪಾತ್ರೆಯಲ್ಲಿ ಒಂದಕ್ಕಿಂತ ಕಡಿಮೆ ಎಂದರೆ ಇಲ್ಲ ಎಂದೇ ಅರ್ಥ. ಒಂದು ಸಾಲು ಹೊಸದಾಗಿ ಸೇರಿಸಿದ: ಒಂದಕ್ಕಿಂತ ಕಡಿಮೆಯಾದರೆ ಸೊನ್ನೆ ಎಂದು ತಿಳಿ. ಲೆಕ್ಕ ಓಡಿಸಿದ. ಹತ್ತೊಂಬತ್ತನೆಯ ದಿನ ಗೆರೆ ತಳ ಮುಟ್ಟಿತು, ಮತ್ತೆ ಏಳಲಿಲ್ಲ. ಅವನು ಎದ್ದು ಹೋಗಿ ನೀರು ಕುಡಿದ, ಲೋಟವನ್ನೂ ತೊಳೆದಿಟ್ಟ. ವಾಪಸು ಬಂದು ಆ ಕಡತಕ್ಕೆ ‘ಸುಮ್ಮನೆ’ ಎಂದು ಹೆಸರಿಟ್ಟು ಮುಚ್ಚಿದ. ಸೋಮವಾರ ನೋಡಿದರಾಯಿತು ಎಂದುಕೊಂಡ. ಸೋಮವಾರ ಅವನ ಬಡ್ತಿಯ ಸಂದರ್ಶನವಿತ್ತು, ಅಲ್ಲಿ ಎಲ್ಲರೂ ಕೇಳಿದ್ದು ಆ ಲೇಖನದ ಬಗ್ಗೆಯೇ. ಆಮೇಲೆ ಹೇಳುವುದಾದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು. ವಾರ ಕಳೆದಂತೆ ಆ ಎರಡನೆಯದೇ ದೊಡ್ಡದಾಯಿತು. ಕಡತ ಮುಚ್ಚಿದ ದಿನವೇ ಸಂಜೆ ಅವಳು ಮೆಟ್ಟಿಲ ಹತ್ತಿರ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಎದುರಾಗಿದ್ದಳು. ಹೇಗಿದೆ ಎಂದು ಕೇಳಿದ. “ಇವತ್ತಿಗೆ ಆರನೇ ದಿನ ಸರ್, ಎಲ್ಲಾ ಚೆನ್ನಾಗಿದಾವೆ,” ಎಂದಳು, ಮನೆಯ ಮಕ್ಕಳ ಸುದ್ದಿ ಹೇಳುವವಳಂತೆ. ಅವನು ಗುಡ್ ಎಂದ.

ಬಸ್ಸು ನಿಲ್ಲಿಸಿ ಯಾರೋ ಇಳಿದರು. ಕಿಟಕಿಯಾಚೆ ಸರ್ಕಾರಿ ಕಚೇರಿಯೊಂದರ ಮುಂದೆ ಸಾಲು ಬೆಳೆದಿತ್ತು. ಅವನ ಅಪ್ಪ ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನು. ನೀರು ಬಿಡುವವನು ಬೇರೆ, ನಿಲ್ಲಿಸುವವನು ಬೇರೆ, ಬೈಸಿಕೊಳ್ಳುವವನು ಅಪ್ಪ. ಶಾಲೆಗೆ ರಜೆ ಇದ್ದ ಒಂದು ದಿನ ಊಟದ ಡಬ್ಬಿ ಕೊಡಲು ಹೋದಾಗ, ಅಪ್ಪನ ಅರ್ಧ ವಯಸ್ಸಿನವನೊಬ್ಬ ಕಿಟಕಿಯ ಕಟ್ಟೆಗೆ ಗುದ್ದಿ ಏನೇನೋ ಅನ್ನುತ್ತಿದ್ದ. ಅಪ್ಪ ಎದ್ದು ನಿಂತು, ತಪ್ಪಾಯ್ತು, ನಮ್ಮಿಂದ ತಪ್ಪಾಯ್ತು ಎಂದು ಕೈಮುಗಿದ. ಆಮೇಲೆ ಏನೂ ಆಗದವನಂತೆ ಡಬ್ಬಿ ಬಿಚ್ಚಿ ಮೂಸಿ ನೋಡಿ ಖುಷಿಪಟ್ಟ. ನೀನೇನು ತಪ್ಪು ಮಾಡಿದ್ದೆ ಎಂದು ಕೇಳಿದಾಗ ಅವನ ಕೆನ್ನೆ ಚಿವುಟಿ, “ನಾನೆಲ್ಲಿ ಮಾಡ್ದೆ ಅಂದ್ನೋ? ಆಯ್ತು ಅಂದೆ. ಮಳೆ ಆಯ್ತು, ಊಟ ಆಯ್ತು ಅಂತಾರಲ್ಲ, ಹಾಗೆ,” ಎಂದು ನಕ್ಕಿದ್ದ. ಹುಡುಗನಿಗೆ ನಗು ಬಂದಿರಲಿಲ್ಲ. ಆ ಮಾತನ್ನು ಆಡಬೇಕಾಗದ ಕಡೆಗೆ ಹೋಗಬೇಕು ಎಂದು ಅವನು ಆ ವಯಸ್ಸಿಗೇ ತೀರ್ಮಾನಿಸಿದ್ದ. ಗಣಿತದಲ್ಲಿ ಸರಿ ಇದ್ದರೆ ಸರಿ, ಯಾರ ಮುಂದೆಯೂ ಏಳಬೇಕಾಗಿಲ್ಲ. ಆಮೇಲಿನ ನಲವತ್ತು ವರ್ಷ ಅವನು ಏಳಲೂ ಇಲ್ಲ. ಹೆಂಡತಿಯ ಹತ್ತಿರವೂ ಆ ಮಾತು ಬರಬೇಕಾದ ಕಡೆಯಲ್ಲೆಲ್ಲ ಅವನು ಅಂಗಡಿಗೆ ಹೋಗಿ ಏನಾದರೂ ತಂದುಬಿಡುತ್ತಿದ್ದ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಸುತ್ತ ಹದಿನೈದು ಕುರ್ಚಿ. ಹೊರಗಿನಿಂದ ಬಂದ ಪರೀಕ್ಷಕ ದಪ್ಪ ಕನ್ನಡಕದವನು, ಪ್ರಬಂಧದ ಪುಟಗಳ ಅಂಚಿಗೆ ಬಣ್ಣದ ಚೀಟಿಗಳನ್ನು ಅಂಟಿಸಿಕೊಂಡು ಬಂದಿದ್ದ. ಅವಳು ಇಸ್ತ್ರಿ ಮಾಡಿದ ತಿಳಿ ಬಣ್ಣದ ಸೀರೆ ಉಟ್ಟಿದ್ದಳು. ಸೀರೆ ಉಟ್ಟು ಅಭ್ಯಾಸವಿಲ್ಲದೆ ಪರದೆಯ ಹತ್ತಿರ ನಡೆಯುವಾಗ ಒಮ್ಮೆ ಎಡವಿದಳು. ಮುಕ್ಕಾಲು ಗಂಟೆ ಮಾತಾಡಿದಳು. ಮೊದಲ ಮೂರು ಅಧ್ಯಾಯಗಳ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ನಾಲ್ಕನೆಯದಕ್ಕೆ ಬಂದಾಗ ಅವಳ ದನಿ ಇಳಿಯಿತು, ಪಾಠ ಒಪ್ಪಿಸುವ ಮಗು ಮರೆತ ಸಾಲು ಬಂದಾಗ ಇಳಿಸುವಂತೆ. ಪರೀಕ್ಷಕ ಕೇಳಿದ: “ಒಂಬತ್ತು ಸಲ ಸೋತಮೇಲೂ ಬೇರೆ ಎಲ್ಲೋ ತಪ್ಪಿರಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ?”

“ಅನ್ನಿಸ್ತು ಸರ್. ಆದರೆ ಸಮೀಕರಣ ಸರಿ ಇರೋವಾಗ ನನ್ನ ಕೈಯಲ್ಲೇ ಏನೋ ಆಗ್ತಿರಬೇಕು ಅಂತ…”

“ಕೈಗುಣ,” ಎಂದು ಮೇಜಿನ ಆ ತುದಿಯಲ್ಲಿ ಯಾರೋ ಮೆಲ್ಲಗೆ ಅಂದರು. ಎರಡು ಮೂರು ಜನ ನಕ್ಕರು. ಪರೀಕ್ಷಕನಿಗೆ ಆ ತಮಾಷೆ ಗೊತ್ತಿರಲಿಲ್ಲ, ಆದರೂ ಮುಗುಳ್ನಕ್ಕ. ನೋಡಿ, ಈ ಅಧ್ಯಾಯ ತೆಗೆದುಬಿಡುವುದು ವಾಸಿ, ಇನ್ನೊಂದು ವರ್ಷ ತಗೊಂಡು ಬೇರೆ ಏನಾದರೂ ಚಿಕ್ಕ ಕೆಲಸ ಮಾಡಿ ಸೇರಿಸಲಿ ಎಂದು ಮುಖ್ಯಸ್ಥನ ಕಡೆ ತಿರುಗಿ ಹೇಳಿದ. ಮುಖ್ಯಸ್ಥ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ, ಹಾಗೇ ಮಾಡೋಣ ಎನ್ನುವಂತೆ ತಲೆಯಾಡಿಸಿದ. ಅವಳು ಟಿಪ್ಪಣಿ ಪುಸ್ತಕ ತೆಗೆದು ‘ಒಂದು ವರ್ಷ’ ಎಂದು ಬರೆದುಕೊಂಡಳು. ಅವಳು ಅದನ್ನು ಬರೆದುಕೊಂಡದ್ದನ್ನು ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. ಕುರ್ಚಿ ಹಿಂದಕ್ಕೆ ಸರಿದು ಕಿರುಗುಟ್ಟಿತು, ಎಲ್ಲರೂ ತಿರುಗಿದರು. “ಒಂದು ಮಾತು,” ಎಂದ. “ಗಣಕದಲ್ಲಿ ಲೆಕ್ಕ ಮಾಡುವಾಗ ಬಹಳ ಚಿಕ್ಕ ಸಂಖ್ಯೆಗಳ ವಿಷಯದಲ್ಲಿ ಕೆಲವು ಸೂಕ್ಷ್ಮಗಳಿರುತ್ತವೆ. ಪ್ರಯೋಗವೇ ವಿಫಲವಾಯಿತು ಎಂದು ಪೂರ್ತಿ ಹೇಳಲಾಗದು. ಸಮೀಕರಣದ ಕಡೆಯಿಂದಲೂ ಪರಿಶೀಲಿಸಬೇಕಾದ ಅಂಶಗಳು ಇರಬಹುದು.” ಹೇಳುತ್ತಿರುವಾಗಲೇ ಅವನಿಗೆ ತನ್ನ ವಾಕ್ಯಗಳು ಕೇಳಿಸಿದವು. ಒಂದರಲ್ಲೂ ಮನುಷ್ಯರಿರಲಿಲ್ಲ. ಪರೀಕ್ಷಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಕ್ಕ. “ನೋಡಮ್ಮ, ನಿಮ್ಮ ಸರ್‌ದು ದೊಡ್ಡ ಮನಸ್ಸು. ನಿಮ್ಮ ತಪ್ಪಿನಲ್ಲಿ ಅರ್ಧ ತಮ್ಮ ತಲೆ ಮೇಲೆ ಹಾಕ್ಕೋತಿದಾರೆ. ಇಂಥ ಮಾರ್ಗದರ್ಶಕರು ಎಲ್ಲರಿಗೂ ಸಿಗಲ್ಲ.” ಮೇಜಿನ ಸುತ್ತ ಮೆಚ್ಚುಗೆಯ ಗುಜುಗುಜು ಎದ್ದಿತು. ಅವಳು ಅವನತ್ತ ತಿರುಗಿದಳು. ಕಣ್ಣು ತುಂಬಿತ್ತು. “ಥ್ಯಾಂಕ್ಯೂ ಸರ್,” ಎಂದಳು.

ಅವನು ಕೂತುಕೊಂಡ. ಆಮೇಲೆ ಎಷ್ಟೋ ಸಲ ನೆನೆದು ಅವನು ನಾಚಿದ್ದು ಮಾತು ಹೊರಳಿಹೋದದ್ದಕ್ಕಲ್ಲ, ಆ ಕ್ಷಣ ಎದೆಯೊಳಗೆ ಏಳುತ್ತಿದ್ದ ಒಂದು ಹಿತವಾದ ಬಿಸುಪಿಗೆ. ಯಾರೂ ಕೊಡದೆ ತಾನಾಗಿ ಬಂದ ಪ್ರಶಸ್ತಿಯನ್ನು ಮಡಿಲಲ್ಲಿಟ್ಟುಕೊಂಡವನ ಹಾಗೆ ಅವನು ಎರಡು ನಿಮಿಷ ಕೂತಿದ್ದ. ಎರಡು ನಿಮಿಷ ಅವನು ನಿಜವಾಗಿಯೂ ದೊಡ್ಡ ಮನಸ್ಸಿನವನಾಗಿದ್ದ. ಊಟದ ಹೊತ್ತಿಗೆ ಮುಖ್ಯಸ್ಥ ಹೆಗಲು ತಟ್ಟಿ, “ಚೆನ್ನಾಗಿ ಹೇಳಿದ್ರಿ ಮೇಷ್ಟ್ರೇ, ಹುಡುಗಿಗೆ ಸ್ವಲ್ಪ ಧೈರ್ಯ ಬಂತು. ಸಹಿ ಮಾತ್ರ ಮರೀಬೇಡಿ,” ಎಂದ. ತಟ್ಟೆಯಲ್ಲಿ ಬಡಿಸಿದ್ದೆಲ್ಲ ಹಾಗೇ ಇತ್ತು. ಎದ್ದು ಕೈತೊಳೆದು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ, ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಹೋದ. ಪ್ರತಿ ತಿರುವಿನಲ್ಲೂ ಹಿಂದಿರುಗಲು ಅವಕಾಶವಿತ್ತು ಎಂಬುದು ಅವನಿಗೆ ಗೊತ್ತಿತ್ತು.

ಪ್ರಯೋಗಾಲಯದಲ್ಲಿ ಅವಳೊಬ್ಬಳೇ ಇದ್ದಳು. ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಒಂಬತ್ತನೆಯ ಪ್ರಯತ್ನದ ಪಾತ್ರೆಯನ್ನು ಚೆಲ್ಲುತ್ತಿದ್ದಳು. ನಲ್ಲಿ ಹರಿಯುತ್ತಿತ್ತು, ಹುಳಿ ಹಿಟ್ಟಿನಂಥ ವಾಸನೆ ತೊಟ್ಟಿಯಿಂದ ಏಳುತ್ತಿತ್ತು. “ಬನ್ನಿ ಸರ್,” ಎಂದು ಸ್ಟೂಲು ಒರೆಸಿ ಕೊಟ್ಟಳು. ಅವನು ಕೂರಲಿಲ್ಲ. ಲ್ಯಾಪ್‌ಟಾಪ್ ತೆರೆದು, ಬಾ ಇಲ್ಲಿ, ಒಂದು ತೋರಿಸಬೇಕು ಎಂದ. ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟ. ಇದು ಹಳೆಯದು. ಇಲ್ಲಿ ನೋಡು, ತಳದಲ್ಲಿ ಎಷ್ಟು ಸೊನ್ನೆ ಇದೆ. ಇದು ಒಂದಕ್ಕಿಂತ ಕಡಿಮೆಯಾದರೆ ಸತ್ತಿತು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟ ಮೇಲೆ ಬಂದದ್ದು. ಅವನು ಮುಗಿಸುವ ಮೊದಲೇ ಅವಳು ಪರದೆಗೆ ಬೆರಳು ತಾಗಿಸಿದಳು. “ಹತ್ತೊಂಬತ್ತು,” ಎಂದಳು. ಓಡಿ ಹೋಗಿ ಕಪಾಟಿನಿಂದ ತನ್ನ ದಪ್ಪ ರಟ್ಟಿನ ದಾಖಲೆ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ಹರಡಿದಳು. ಇಪ್ಪತ್ತೊಂದು, ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು, ಹತ್ತೊಂಬತ್ತು. “ಅಂದ್ರೆ ನಂದು ಸರಿಯಾಗೇ ಇತ್ತು,” ಎಂದಳು ಯಾರಿಗೂ ಅಲ್ಲದ ದನಿಯಲ್ಲಿ. “ಪ್ರತಿ ಸಲಾನೂ ಸರಿಯಾಗೇ ಇತ್ತು. ಅದು ಸಾಯ್ಬೇಕಾದ ದಿನಾನೇ ಸತ್ತಿದೆ.” ಆಮೇಲೆ ಬೆರಳಲ್ಲಿ ಏನೋ ಲೆಕ್ಕ ಹಾಕಿ ನಕ್ಕಳು. “ಸರ್, ಇದು ಉಳೀಬೇಕಾದ್ರೆ ನನ್ನ ಪಾತ್ರೆ ಒಂದು ಕೆರೆಯಷ್ಟು ಇರ್ಬೇಕಿತ್ತು. ಕೆರೆಯಷ್ಟು ಸಕ್ಕರೆ ನೀರು. ನಾನು ದೋಣೀಲಿ ಕೂತು ಎಣಿಸ್ಬೇಕಿತ್ತು.” ಅವನೂ ನಕ್ಕ. ಬಹಳ ದಿನಗಳ ಮೇಲೆ ಅವನು ಯಾರ ಜೊತೆಗೋ ಒಂದು ಲೆಕ್ಕದ ಬಗ್ಗೆ ನಗುತ್ತಿದ್ದ. ಇಷ್ಟಕ್ಕೇ ಮುಗಿದುಬಿಡಬಹುದಿತ್ತು. ಇವತ್ತು ಊಟಕ್ಕೆ ಕೂತಾಗ ಥಟ್ಟನೆ ಹೊಳೆಯಿತು ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು.

ಅವಳ ನಗು ನಿಂತಿತು. ಅವಳು ಪರದೆಯ ಮೂಲೆಯನ್ನು ನೋಡುತ್ತಿದ್ದಳು. “ಸರ್, ಈ ತಾರೀಖು?”

ಕಡತದ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಅದು ಇತ್ತು. ಬೆಳಿಗ್ಗೆಯೇ ಆ ಲೆಕ್ಕವನ್ನು ಇವತ್ತಿನ ಹೊಸ ಕಡತಕ್ಕೆ ಇಳಿಸಿಕೊಳ್ಳಬೇಕು ಎಂಬ ಯೋಚನೆ ಅವನಿಗೆ ಬಂದಿತ್ತು. ಒಂದು ನಿಮಿಷದ ಕೆಲಸ. ಮಾಡಿರಲಿಲ್ಲ. ಮರೆತದ್ದೋ, ಅವಳ ಕಣ್ಣಿಗೆ ಬೀಳಲಿ ಎಂದು ಬಿಟ್ಟದ್ದೋ ಅವನಿಗೆ ಎಂದೂ ತಿಳಿಯಲಿಲ್ಲ.

“ಇದು ಹೋದ ವರ್ಷದ್ದು,” ಎಂದಳು.

“ಹೌದು.”

ಅವಳು ಪುಸ್ತಕಗಳನ್ನು ಬದಿಗೆ ತಳ್ಳಿ ಒಂದನ್ನು ಆರಿಸಿ ಪುಟ ತಿರುವಿದಳು. ಆ ತಾರೀಖು ಸಿಕ್ಕಿತು. ಆರನೆಯ ಪ್ರಯತ್ನ, ಆರನೆಯ ದಿನ, ಎಲ್ಲವೂ ಆರೋಗ್ಯವಾಗಿವೆ ಎಂದು ಅವಳ ಗುಂಡು ಅಕ್ಷರದಲ್ಲಿತ್ತು. ಅಲ್ಲಿಂದ ಮುಂದಕ್ಕೆ ಒಂದೊಂದೇ ಪುಟ ತಿರುವಿದಳು, ಓದದೆ. ಆಮೇಲಿನ ಮೂರು ಪ್ರಯತ್ನಗಳು ಹಾಗೇ ಸರಿದುಹೋದವು. ಒಂದು ಪುಟದಲ್ಲಿ ಕೈ ನಿಂತಿತು. “ಏಳನೇದು ನಡೀತಿದ್ದಾಗ ಅಮ್ಮಂಗೆ ಸ್ಟ್ರೋಕ್ ಆಯ್ತು ಸರ್. ಅವತ್ತು ಹದಿನೇಳನೇ ದಿನ. ಅಣ್ಣ ಫೋನ್ ಮಾಡಿದ. ಇನ್ನೆರಡು ದಿನ ತಡಿ, ಹತ್ತೊಂಬತ್ತು ದಾಟ್ಲಿ, ಬರ್ತೀನಿ ಅಂದೆ. ದಾಟಿದ್ರೆ ಈ ಸಲ ಉಳಿಯುತ್ತೆ ಅಂತ ಆಸೆ.” ಪುಟದ ಮೇಲೆ ಬೆರಳಾಡಿಸಿದಳು. “ದಾಟ್ಲಿಲ್ಲ. ಪಾತ್ರೆ ತೊಳೆದಿಟ್ಟು ಇಪ್ಪತ್ತಕ್ಕೆ ಹೊರಟೆ. ಅಣ್ಣ ಇವತ್ತಿಗೂ ನನ್ನ ಹತ್ರ ಸರಿಯಾಗಿ ಮಾತಾಡಲ್ಲ.” ಅವಳ ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

“ತಪ್ಪಾಯ್ತು,” ಎಂದ.

ಅವಳು ಪುಸ್ತಕದ ಕೊನೆಯ ಖಾಲಿ ಪುಟ ತೆರೆದು ಅವನ ಮುಂದಿಟ್ಟಳು. “ಬರೆದುಕೊಡಿ ಸರ್. ಪೆನ್ನಲ್ಲಿ.” ಅವನು ಸ್ಟೂಲಿನ ಮೇಲೆ ಕೂತು, ಪುಟದ ತಲೆಯಲ್ಲಿ ಕಡತದ ಆ ತಾರೀಖು ಹಾಕಿ ಬರೆದ: ‘ಈ ಮೇಲ್ಕಂಡ ದಿನಾಂಕದಂದು ಸಮೀಕರಣದ ಲೆಕ್ಕದಲ್ಲಿ ದೋಷ ಕಂಡುಬಂದಿದ್ದು, ಅದನ್ನು ತಿಳಿಸುವಲ್ಲಿ ವಿಳಂಬವಾಗಿರುತ್ತದೆ.’ ಅವಳು ಭುಜದ ಹಿಂದೆ ನಿಂತು ಓದಿದಳು. “ಇದರಲ್ಲಿ ಯಾರೂ ಇಲ್ವಲ್ಲ ಸರ್,” ಎಂದಳು. “ಯಾರಿಗೆ ಕಂಡುಬಂತು? ಯಾರು ತಿಳಿಸ್ಲಿಲ್ಲ?” ಅವನು ಗೆರೆ ಎಳೆದು ಹೊಡೆದುಹಾಕಿದ. ಕೆಳಗೆ ಬರೆದ: ‘ದೋಷವನ್ನು ನಾನು ಕಂಡೆ. ನಾನು ಯಾರಿಗೂ ಹೇಳಲಿಲ್ಲ. ಪ್ರಯೋಗದಲ್ಲಿ ತಪ್ಪಿರಲಿಲ್ಲ.’ ಸಹಿ ಹಾಕಿ, ತಾರೀಖು ಹಾಕಿ, ಪೆನ್ನು ಮುಚ್ಚಿದ. ಇಷ್ಟು ಸಣ್ಣ ವಾಕ್ಯಗಳನ್ನು ಅವನು ಒಂದನೇ ತರಗತಿಯ ನಂತರ ಬರೆದಿರಲಿಲ್ಲ. ಅವಳು ಆ ಪುಟದ ಫೋಟೋ ತೆಗೆದುಕೊಂಡಳು, ಪುಸ್ತಕವನ್ನು ಎದೆಗವಚಿಕೊಂಡು ಮುಖ್ಯಸ್ಥನ ಕೋಣೆಗೆ ಹೋಗಲು ಬಾಗಿಲ ಹತ್ತಿರ ಹೋದವಳು ತಿರುಗಿ, “ಹೋಗೋವಾಗ ಆ ನಲ್ಲಿ ನಿಲ್ಲಿಸಿ ಸರ್,” ಎಂದಳು.

ಮುಖ್ಯಸ್ಥನ ಫೋನು ಬಂದಾಗ ಸಂಜೆ ಐದೂವರೆ, ಅವನು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ. ಏನ್ರೀ ಇದು, ಮೊದಲು ನನಗೆ ಹೇಳೋದಲ್ವಾ, ಪ್ರಬಂಧದಲ್ಲಿ ನನ್ನ ಹೆಸರೂ ಇದೆಯಲ್ಲ ಎಂದು ಆತ ಬಹಳ ಹೊತ್ತು ಆಡಿದ. ಆಮೇಲೆ, ಪರೀಕ್ಷಕರು ನೀವು ಬರೆದ ಪುಟ ಓದಿದ್ದಾರೆ, ಅವಳ ಅಧ್ಯಾಯ ಇರಲಿ, ತೆಗೆಯುವುದು ಬೇಡ, ಅದೇ ಮುಖ್ಯವಾದದ್ದು ಎಂದಿದ್ದಾರೆ, ವರ್ಷವೂ ಬೇಡವಂತೆ ಎಂದ. ಲೇಖನ ಮಾತ್ರ ವಾಪಸು ತೆಗೆದುಕೊಳ್ಳಬೇಕಾಗುತ್ತದೆ. ನಾಳೆ ಹತ್ತು ಗಂಟೆಗೆ ಬನ್ನಿ, ನಿರ್ದೇಶಕರೂ ಇರುತ್ತಾರೆ. ಸರಿ ಎಂದು ಅವನು ಫೋನಿಟ್ಟ. ಹೆಂಡತಿ ಬಂದ ಮೇಲೆ ಅವಳಿಗೆ ಎಲ್ಲ ಹೇಳಿದ, ಕೈಗುಣದ ಮಾತಿನಿಂದ ಹಿಡಿದು ನಲ್ಲಿ ನಿಲ್ಲಿಸಿ ಬಂದದ್ದರವರೆಗೆ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೇಳಿಸಿಕೊಂಡಳು. ಅವಳು ಬೈಯಬಹುದು ಎಂದುಕೊಂಡಿದ್ದ. ಇಲ್ಲ, ಕೊನೆಗಾದರೂ ಹೇಳಿದಿರಲ್ಲ ಎನ್ನಬಹುದು. ಒಳಗೆಲ್ಲೋ ಅದಕ್ಕೇ ಕಾಯುತ್ತಿದ್ದ ಎಂದೂ ಅವನಿಗೆ ಗೊತ್ತಿತ್ತು.

“ಅವರಮ್ಮಂಗೆ ಯಾವ ಕಡೆ ಹೋಗಿದೆ?” ಎಂದಳು.

“ಅಂದ್ರೆ?”

“ಬಲಗಡೆನಾ, ಎಡಗಡೆನಾ? ಮಾತು ಬರುತ್ತಾ? ವ್ಯಾಯಾಮ ಯಾರಾದ್ರೂ ಮಾಡಿಸ್ತಿದಾರಾ?”

“ಕೇಳ್ಲಿಲ್ಲ.”

ಅವಳು ಅವನನ್ನು ನೋಡಿದಳು, ರೋಗಿಯ ಕೈ ಎತ್ತಿ ಬಿಟ್ಟು ಅದು ಎಷ್ಟು ಬೀಳುತ್ತದೆ ಎಂದು ನೋಡುವ ಹಾಗೆ. “ಎಲ್ಲಾ ಹೇಳಿ ಬಂದ್ರಿ,” ಎಂದಳು. “ಏನೂ ಕೇಳ್ದೇನೇ ಬಂದ್ರಿ.” ಅಷ್ಟು ಹೇಳಿ ಅಕ್ಕಿ ತೊಳೆಯಲು ತಿರುಗಿದಳು.

ಬೆಳಿಗ್ಗೆ ಅವನು ಒಂಬತ್ತಕ್ಕೆಲ್ಲ ಮೂರನೆಯ ಮಹಡಿಯಲ್ಲಿದ್ದ. ಅವಳು ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತು ನೂರಾ ಹನ್ನೆರಡನೆಯ ಪುಟವನ್ನು ಮತ್ತೆ ಬರೆಯುತ್ತಿದ್ದಳು. ಅವನನ್ನು ಕಂಡು ಎದ್ದು ನಿಲ್ಲಲಿಲ್ಲ. ಅದು ಅವನಿಗೆ ಮೊದಲು ಚುಚ್ಚಿತು, ಆಮೇಲೆ ಹಗುರವೆನಿಸಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೇಳಿದ: “ಅಮ್ಮಂಗೆ ಯಾವ ಕಡೆ ಆಗಿರೋದು?”

ಅವಳಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಬಲಗಡೆ,” ಎಂದಳು. ಅವನು ಹೋಗುವನೇನೋ ಎಂದು ಕಾದಳು. ಅವನು ಹೋಗದೆ ನಿಂತಿದ್ದರಿಂದ ಮುಂದುವರಿಸಿದಳು. “ಮಾತು ಬರುತ್ತೆ, ನಿಧಾನ. ಬಟ್ಟೆ ಹೊಲೀತಿದ್ರು ಅವರು. ಈಗ ಕತ್ತರಿ ಹಿಡಿಯೋಕಾಗಲ್ಲ. ನಾನು ಹೋದಾಗ ಸೂಜಿಗೆ ದಾರ ಪೋಣಿಸ್ಕೊಡು ಅಂತಾರೆ, ಎಡಗೈಲಿ ಹೊಲೀತಾರೆ. ಹೊಲಿಗೆ ಸೊಟ್ಟ ಹೋಗುತ್ತೆ. ಎಲ್ಲಾ ಬಿಚ್ತಾರೆ, ಮತ್ತೆ ಹೊಲೀತಾರೆ.”

“ವ್ಯಾಯಾಮ?”

“ಮೊದಲೊಂದು ತಿಂಗಳು ಮಾಡಿಸಿದ್ರು. ಆಮೇಲೆ ಬಿಟ್ಟೋಯ್ತು. ಹತ್ತಿರದಲ್ಲಿ ಯಾರೂ ಇಲ್ಲ.”

“ನನ್ನ ಹೆಂಡತೀದು ಅದೇ ಕೆಲಸ. ಭಾನುವಾರ ಬಂದು ನೋಡ್ತೀನಿ ಅಂದ್ಳು. ನೀವು ಒಪ್ಪಿದ್ರೆ.” ಅವಳನ್ನು ಇಷ್ಟು ವರ್ಷ ನೀನು ಎನ್ನುತ್ತಿದ್ದವನ ಬಾಯಲ್ಲಿ ನೀವು ಬಂದದ್ದು ಇಬ್ಬರಿಗೂ ಕೇಳಿಸಿತು.

ಅವಳು ಪೆನ್ನನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸಿದಳು. ಕೆಳಗೆ ಅಂಗಳದಲ್ಲಿ ನಿರ್ದೇಶಕರ ಕಾರು ಬಂದು ನಿಂತ ಸದ್ದಾಯಿತು. “ಅಮ್ಮನ್ನ ಕೇಳಿ ಹೇಳ್ತೀನಿ,” ಎಂದಳು. ಆಮೇಲೆ, “ಅವರೊಬ್ಬರೇ ಬರ್ಲಿ ಸರ್. ನೀವು ಬರ್ಬೇಡಿ.”

“ಇಲ್ಲ, ಬರಲ್ಲ,” ಎಂದ. ಹೆಂಡತಿಯ ಫೋನ್ ನಂಬರ್ ಬರೆದ ಚೀಟಿಯನ್ನು ಜೇಬಿನಿಂದ ತೆಗೆದು, ಎರಡು ಹೆಜ್ಜೆ ಒಳಗೆ ಬಂದು ಮೇಜಿನ ಅಂಚಿನಲ್ಲಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದಳು. ಅವನ ಅಕ್ಷರ ಯಾವತ್ತೂ ಚೆನ್ನಾಗಿರಲಿಲ್ಲ, ಏಳು ಒಂದರಂತೆಯೂ ಒಂದು ಏಳರಂತೆಯೂ ಕಾಣುತ್ತಿತ್ತು. ತಪ್ಪಿರಬಾರದೆಂದು ಅವಳು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಅವನು ನಿಂತು ಒಂದೊಂದಕ್ಕೂ ಹೌದು ಎಂದ.